ಫೋನಿನ ಬೆನ್ನು ಉಬ್ಬಿದೆ: ಬ್ಯಾಟರಿ ಬದಲಿಸಲೋ, ಹೊಸ ಫೋನೇ ಕೊಳ್ಳಲೋ?

ಪ್ರಶ್ನೆ: ನಾನು ಹೊಸನಗರ ತಾಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆ ಶಿಕ್ಷಕಿ. ನನ್ನ ಆಂಡ್ರಾಯ್ಡ್ ಫೋನಿಗೆ ನಾಲ್ಕು ವರ್ಷ ಆಯಿತು. ಮನೆಯಲ್ಲಿದ್ದರೆ ಬೆಳಗ್ಗೆ ತುಂಬಿದ ಚಾರ್ಜ್ ಮಧ್ಯಾಹ್ನಕ್ಕೇ ಖಾಲಿ. ಶಿವಮೊಗ್ಗದಲ್ಲಿ ತಮ್ಮನ ಮನೆಗೆ ಹೋದಾಗ ಮಾತ್ರ ಸಂಜೆವರೆಗೂ ಬರುತ್ತದೆ. ಒಮ್ಮೊಮ್ಮೆ 18 ಪರ್ಸೆಂಟ್ ಇರುವಾಗಲೇ ಫೋನ್ ಆಫ್ ಆಗಿಬಿಡುತ್ತದೆ. ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಪಡುವಣ ಕಿಟಕಿಯ ಹತ್ತಿರ ಮಾತ್ರ. ಫೋನನ್ನು ಅಲ್ಲೇ ಚಾರ್ಜಿಗೆ ಹಾಕಿ ಹಾಟ್‌ಸ್ಪಾಟ್ ಆನ್ ಮಾಡಿಡುತ್ತೇನೆ, ಮಗಳು ಅದರಲ್ಲೇ ಆನ್‌ಲೈನ್ ಕ್ಲಾಸ್ ಕೇಳುತ್ತಾಳೆ. ರಾತ್ರಿಯೂ ಅಲ್ಲೇ ಚಾರ್ಜಿಗಿರುತ್ತದೆ. ರಾತ್ರಿಯಿಡೀ ಚಾರ್ಜಿಗೆ ಹಾಕಿದ್ದಕ್ಕೇ ಹೀಗಾಯಿತು ಅಂತ ಪಕ್ಕದ ಮನೆಯವರು ಹೇಳುತ್ತಾರೆ. ಕಂಪನಿಯವರೇ ಅಪ್‌ಡೇಟ್ ಕೊಟ್ಟು ಹಳೆ ಫೋನ್ ಕೆಡಿಸುತ್ತಾರೆ ಅಂತ ತಮ್ಮ ಹೇಳುತ್ತಾನೆ. ಪೇಟೆಯ ಅಂಗಡಿಯಲ್ಲಿ 900 ರೂಪಾಯಿಗೆ ‘ಒರಿಜಿನಲ್’ ಬ್ಯಾಟರಿ ಹಾಕಿಕೊಡುತ್ತಾರಂತೆ, ಬಿಲ್ ಮಾತ್ರ ಕೊಡುವುದಿಲ್ಲವಂತೆ. ಹೊಸ ಫೋನಿಗೆ 15,000ಕ್ಕಿಂತ ಜಾಸ್ತಿ ಹಾಕಲು ಆಗುವುದಿಲ್ಲ. ಏನು ಮಾಡಲಿ? ಅಂದಹಾಗೆ, ಇತ್ತೀಚೆಗೆ ಫೋನಿನ ಹಿಂಬದಿ ಸ್ವಲ್ಪ ಮೇಲೆದ್ದಿದೆ, ಕವರ್ ಸರಿಯಾಗಿ ಕೂರುತ್ತಿಲ್ಲ. ಹೊಸ ಕವರ್ ತಗೊಂಡರೆ ಸಾಕಾ? ಮಗಳಿಗೆ ಹೊಸ ಫೋನ್ ಕೊಡಿಸುವ ಯೋಚನೆಯೂ ಇದೆ, ಅದಕ್ಕೂ ಹೀಗೇ ಆಗಬಹುದಾ?

ಉತ್ತರ: ಮೇಡಂ, ನೀವು ‘ಅಂದಹಾಗೆ’ ಎಂದು ಕೊನೆಗೆ ಬರೆದ ವಿಷಯವನ್ನೇ ನಾನು ಮೊದಲು ತೆಗೆದುಕೊಳ್ಳುತ್ತೇನೆ. ಬೀಳದೆ, ನೀರು ತಾಗದೆ ಫೋನಿನ ಹಿಂಬದಿ ತಾನಾಗಿ ಮೇಲೆದ್ದಿದ್ದರೆ ಒಳಗೆ ಬ್ಯಾಟರಿ ಊದಿಕೊಂಡಿದೆ ಎಂದೇ ತಿಳಿಯಬೇಕು. ದಯವಿಟ್ಟು ಇವತ್ತಿನಿಂದಲೇ ಆ ಫೋನನ್ನು ಚಾರ್ಜಿಗೆ ಹಾಕಬೇಡಿ. ಬಿಗಿ ಕವರ್ ಹಾಕಿ ಅದುಮಬೇಡಿ. ಮೇಲೆದ್ದ ಭಾಗವನ್ನು ಒತ್ತಿ ಕೂರಿಸಲು ಹೋಗಬೇಡಿ.

ಯಾಕೆ ಅಂದರೆ, ಬ್ಯಾಟರಿಯ ಒಳಗೆ ತೆಳ್ಳನೆಯ ಎರಡು ಲೋಹದ ಹಾಳೆಗಳು ಇರುತ್ತವೆ. ಅವು ಒಂದಕ್ಕೊಂದು ತಾಗದ ಹಾಗೆ ನಡುವೆ ಇನ್ನೂ ತೆಳ್ಳನೆಯ ಪ್ಲಾಸ್ಟಿಕ್ ಪೊರೆ ಇರುತ್ತದೆ. ಇದೆಲ್ಲ ಬೆಂಕಿ ಹತ್ತಿಕೊಳ್ಳುವ ಒಂದು ದ್ರವದಲ್ಲಿ ನೆನೆದಿರುತ್ತದೆ. ಬ್ಯಾಟರಿ ಹಳತಾದಂತೆ, ಬಿಸಿ ತಿಂದಂತೆ, ಆ ದ್ರವ ಒಡೆದು ಗ್ಯಾಸ್ ಆಗುತ್ತದೆ. ಹೊರಗೆ ಹೋಗಲು ದಾರಿ ಇಲ್ಲದೆ ಬ್ಯಾಟರಿಯ ಹೊರಗಿನ ಚೀಲ ಊದುತ್ತದೆ. ಊದಿದ ಬ್ಯಾಟರಿ ಎಲ್ಲವೂ ಸಿಡಿಯುವುದಿಲ್ಲ. ರಿಪೇರಿ ಬೆಂಚಿಗೆ ಬರುವ ಬಹುಪಾಲು ಊದಿದ ಬ್ಯಾಟರಿಗಳು ಏನೂ ಆಗದೆ ಹೊರಗೆ ಬರುತ್ತವೆ. ಆದರೆ ಅದನ್ನು ಅದುಮಿದಾಗ, ಚುಚ್ಚಿದಾಗ ಅಥವಾ ಮತ್ತೆ ಮತ್ತೆ ಚಾರ್ಜ್ ಮಾಡಿದಾಗ ಆ ಪೊರೆ ಹರಿದರೆ ಒಳಗೇ ಶಾರ್ಟ್ ಆಗಿ ಬೆಂಕಿ ಹತ್ತಬಹುದು.

ಹಾಗಾಗಿ ಉಳಿದಿರುವ ಚಾರ್ಜಿನಲ್ಲೇ ಮುಖ್ಯವಾದ ಫೋಟೋ, ನಂಬರ್, ವಾಟ್ಸ್ಯಾಪ್ ಇವನ್ನು ಬ್ಯಾಕಪ್ ಮಾಡಿ ಸ್ವಿಚ್ ಆಫ್ ಮಾಡಿ. ಆಮೇಲೆ ಹಾಸಿಗೆ, ಬಟ್ಟೆ, ಪುಸ್ತಕ, ಒಲೆ ಇವೆಲ್ಲದರಿಂದ ದೂರ, ಸಿಮೆಂಟ್ ನೆಲದ ಮೇಲೋ ಒಂದು ಸ್ಟೀಲ್ ಪಾತ್ರೆಯಲ್ಲೋ ಇಡಿ. ಅಂಗಡಿಗೆ ಒಯ್ಯುವಾಗ ಬಿಗಿಯಾದ ಜೇಬಿಗೆ ಹಾಕಬೇಡಿ. ಕೊರಿಯರ್‌ನಲ್ಲಿ ಕಳಿಸಲೇಬೇಡಿ. ಮಲೆನಾಡಿನ ಮನೆಗಳಿಗೆ ಒಂದು ಮಾತನ್ನು ಒತ್ತಿ ಹೇಳಬೇಕು: ಹಳೆ ಬ್ಯಾಟರಿಯನ್ನು ಕಸದ ಜೊತೆ ಬಚ್ಚಲೊಲೆಗೆ ಹಾಕಬಾರದು. ಬದಲಿಸಿದವರ ಹತ್ತಿರವೇ ಬಿಟ್ಟು ಬನ್ನಿ, ಇಲ್ಲವೇ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.

ಇನ್ನು ರಾತ್ರಿ ಚಾರ್ಜಿಂಗ್. ಪಕ್ಕದ ಮನೆಯವರ ಮಾತಿನಲ್ಲಿ ಸ್ವಲ್ಪ ಸತ್ಯ ಇದೆ, ಆದರೆ ಅವರು ಅಂದುಕೊಂಡ ರೀತಿಯಲ್ಲಿ ಅಲ್ಲ. ನೂರು ಆದ ಮೇಲೂ ಕರೆಂಟ್ ತುಂಬುತ್ತಲೇ ಇರುತ್ತದೆ ಅನ್ನುವುದು ಸುಳ್ಳು. ಫೋನಿನ ಒಳಗಿರುವ ಚಿಪ್ ಅದನ್ನು ನಿಲ್ಲಿಸುತ್ತದೆ. ಆದರೆ ಬ್ಯಾಟರಿ ಪೂರ್ತಿ ತುಂಬಿದ ಸ್ಥಿತಿಯಲ್ಲಿ ಗಂಟೆಗಟ್ಟಲೆ ಕೂರುವುದು ಅದಕ್ಕೆ ಒಳ್ಳೆಯದಲ್ಲ. ಅರ್ಧ ತುಂಬಿದಾಗ 3.8 ವೋಲ್ಟ್ ಆಸುಪಾಸಿನಲ್ಲಿ ಇರುವ ಬ್ಯಾಟರಿ, ಪೂರ್ತಿ ತುಂಬಿದಾಗ ಸುಮಾರು 4.4 ವೋಲ್ಟಿಗೆ ಏರುತ್ತದೆ. ಆ ಮೇಲಿನ ಮಟ್ಟದಲ್ಲಿ ಒಳಗಿನ ರಾಸಾಯನಿಕಗಳು ಬೇಗ ಕೆಡುತ್ತವೆ. ಜೊತೆಗೆ ಬಿಸಿ ಸೇರಿದರೆ ಇನ್ನೂ ಬೇಗ. ಸುತ್ತಲಿನ ಬಿಸಿ 35 ಡಿಗ್ರಿ ದಾಟುವ ಕಡೆ ಫೋನ್ ಇಡಬೇಡಿ, ಬ್ಯಾಟರಿಯ ಶಕ್ತಿ ಶಾಶ್ವತವಾಗಿ ಕುಗ್ಗಬಹುದು ಎಂದು ಆಪಲ್ ಕಂಪನಿಯೇ ತನ್ನ ಗ್ರಾಹಕರಿಗೆ ಹೇಳುತ್ತದೆ.

ಈಗ ನಿಮ್ಮ ಪಡುವಣ ಕಿಟಕಿಯನ್ನು ನೋಡೋಣ. ಮಧ್ಯಾಹ್ನದ ಬಿಸಿಲು ಫೋನಿನ ಮೇಲೆ. ಚಾರ್ಜಿಂಗ್ ನಡೆಯುತ್ತಿದೆ, ಅದರ ಬಿಸಿ ಬೇರೆ. ಹಾಟ್‌ಸ್ಪಾಟ್ ಆನ್ ಇದೆ, ಅಂದರೆ ಟವರ್ ಜೊತೆಗೂ ಮಗಳ ಫೋನ್ ಜೊತೆಗೂ ಎರಡು ರೇಡಿಯೋ ಒಟ್ಟಿಗೆ ಕೆಲಸ ಮಾಡುತ್ತಿವೆ. ಸಿಗ್ನಲ್ ಬೇರೆ ದುರ್ಬಲ. ಮೇಲೊಂದು ರಬ್ಬರ್ ಕವರ್, ಬಿಸಿ ಹೊರಗೆ ಹೋಗುವ ಹಾಗೂ ಇಲ್ಲ. ಇಷ್ಟೂ ಆದ ಮೇಲೆ ರಾತ್ರಿಯಿಡೀ ನೂರರಲ್ಲಿ ನಿಂತಿರುತ್ತದೆ. ನಿಮ್ಮ ಬ್ಯಾಟರಿ ಊದಲು ರಾತ್ರಿ ಚಾರ್ಜಿಂಗ್ ಒಂದು ಸಣ್ಣ ಕಾರಣ ಇರಬಹುದು. ಹಗಲು ಆ ಕಿಟಕಿಯಲ್ಲಿ ತಿಂದ ಬಿಸಿಯೇ ದೊಡ್ಡ ಕಾರಣ ಅಂತ ನನ್ನ ಅಂದಾಜು. ಇದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ. ಸಿಗ್ನಲ್ ಸಿಗುವ ಜಾಗದಲ್ಲಿ ತಾನೇ ಫೋನ್ ಇಡಬೇಕು!

ತಮ್ಮನ ಮಾತಿಗೆ ಬರೋಣ. ಅಪ್‌ಡೇಟ್ ಕೊಟ್ಟು ಫೋನ್ ಕೆಡಿಸುತ್ತಾರೆ ಅನ್ನುವ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಕೆಲವು ಹಳೆ ಐಫೋನ್‌ಗಳ ವೇಗವನ್ನು ಅಪ್‌ಡೇಟ್ ಮೂಲಕ ಕಡಿಮೆ ಮಾಡಿದ್ದನ್ನು 2017ರ ಡಿಸೆಂಬರ್‌ನಲ್ಲಿ ಆಪಲ್ ಒಪ್ಪಿಕೊಂಡಿತು. ಅಮೆರಿಕದಲ್ಲಿ ಗ್ರಾಹಕರು ಕೋರ್ಟಿಗೆ ಹೋದರು. 2020ರಲ್ಲಿ 50 ಕೋಟಿ ಡಾಲರ್‌ವರೆಗೆ ಕೊಡಲು ಕಂಪನಿ ಒಪ್ಪಿತು. ಹೇಳದೆ ಕೇಳದೆ ಹಾಗೆ ಮಾಡಿದ್ದು ತಪ್ಪೇ. ಆದರೆ ಅದರ ಹಿಂದಿನ ಕಾರಣ ನಿಮ್ಮ ಫೋನಿಗೂ ಅನ್ವಯಿಸುತ್ತದೆ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಸವೆದ ಬ್ಯಾಟರಿಯಲ್ಲಿ ಎರಡು ತೊಂದರೆ ಆಗುತ್ತದೆ. ಒಂದು, ಅದು ಹಿಡಿಯುವ ಚಾರ್ಜ್ ಕಡಿಮೆಯಾಗುತ್ತದೆ, ಇದು ಎಲ್ಲರಿಗೂ ಗೊತ್ತು. ಇನ್ನೊಂದು, ಅದರ ಒಳಗಿನ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಜಾಸ್ತಿಯಾಗುತ್ತದೆ. ಕ್ಯಾಮೆರಾ ತೆರೆದಾಗ, ಕರೆ ಬಂದಾಗ, ದುರ್ಬಲ ಸಿಗ್ನಲ್‌ನಲ್ಲಿ ಡೇಟಾ ಕಳಿಸುವಾಗ ಫೋನ್ ಒಮ್ಮೆಲೇ ಜಾಸ್ತಿ ಕರೆಂಟ್ ಕೇಳುತ್ತದೆ. ಸವೆದ ಬ್ಯಾಟರಿಗೆ ಅಷ್ಟು ಕೊಡಲು ಆಗುವುದಿಲ್ಲ. ವೋಲ್ಟೇಜ್ ಕುಸಿಯುತ್ತದೆ, ಫೋನ್ ಆಫ್ ಆಗುತ್ತದೆ. ನಿಮ್ಮ ಫೋನ್ 18 ಪರ್ಸೆಂಟಿಗೇ ಆಫ್ ಆಗುವುದು ಇದೇ ಕಾರಣಕ್ಕೆ. ಆ 18 ಸುಳ್ಳೇನಲ್ಲ, ಅಷ್ಟು ಚಾರ್ಜ್ ಒಳಗಿದೆ, ಬೇಕಾದ ವೇಗದಲ್ಲಿ ಹೊರಗೆ ಬರುತ್ತಿಲ್ಲ ಅಷ್ಟೆ. ಹೀಗೆ ಆಫ್ ಆಗುವುದನ್ನು ತಪ್ಪಿಸಲೆಂದೇ ಆಪಲ್ ವೇಗ ತಗ್ಗಿಸಿದ್ದು. ಅಲ್ಲಿ ಬ್ಯಾಟರಿ ಬದಲಿಸಿದವರ ಫೋನಿಗೆ ಹಳೆ ವೇಗ ವಾಪಸ್ ಬಂತು.

ಇನ್ನೂ ಕೆಲವು ನಂಬಿಕೆಗಳನ್ನು ಬೇಗ ಮುಗಿಸುತ್ತೇನೆ. ಪೂರ್ತಿ ಸೊನ್ನೆಗೆ ಇಳಿಸಿ ಚಾರ್ಜ್ ಮಾಡಬೇಕು ಅನ್ನುವುದು ನಿಕಲ್-ಕ್ಯಾಡ್ಮಿಯಂ ಬ್ಯಾಟರಿ ಕಾಲದ ಮಾತು. ಈಗಿನ ಲಿಥಿಯಂ ಬ್ಯಾಟರಿಗೆ ಅದರಿಂದ ನಷ್ಟವೇ. ಫೋನ್ ಬಿಸಿಯಾದರೆ ಫ್ರಿಜ್ಜಿನಲ್ಲಿ ಇಡುವುದಂತೂ ಬೇಡವೇ ಬೇಡ, ಒಳಗೆ ನೀರಿನ ಪಸೆ ಕೂರುತ್ತದೆ. ಆ್ಯಪ್‌ಗಳನ್ನು ಪದೇ ಪದೇ ಸ್ವೈಪ್ ಮಾಡಿ ಮುಚ್ಚಿದರೆ ಚಾರ್ಜ್ ಉಳಿಯುತ್ತದೆ ಅಂತಾರೆ. ಮತ್ತೆ ಮೊದಲಿನಿಂದ ತೆರೆಯಲು ಖರ್ಚಾಗುವುದೇ ಹೆಚ್ಚು. ಬೇರೆ ಕಂಪನಿಯ ಚಾರ್ಜರ್ ಹಾಕಿದರೆ ಏನಾಗುತ್ತದೆ ಎಂದು ತುಂಬಾ ಜನ ಕೇಳುತ್ತಾರೆ. ಒಳ್ಳೆಯ ಕಂಪನಿಯದಾದರೆ ತೊಂದರೆ ಇಲ್ಲ, ಫೋನ್ ತನಗೆ ಬೇಕಾದಷ್ಟೇ ತಗೊಳ್ಳುತ್ತದೆ. ಹೆಸರಿಲ್ಲದ ಅಗ್ಗದ ಚಾರ್ಜರ್ ಮಾತ್ರ ಬೇಡ. ಚಾರ್ಜಿಗೆ ಹಾಕಿದಾಗ ಪರದೆ ತನ್ನಷ್ಟಕ್ಕೆ ಒತ್ತಿಕೊಂಡ ಹಾಗೆ ಆಡಿದರೆ ಚಾರ್ಜರನ್ನೇ ಮೊದಲು ಅನುಮಾನಿಸಿ. ಗುಡುಗು ಸಿಡಿಲಿನ ಹೊತ್ತಿನಲ್ಲಿ ಯಾವ ಚಾರ್ಜರ್ ಆದರೂ ಪ್ಲಗ್ಗಿನಿಂದ ಕೀಳಲೇಬೇಕು.

ನಿಮ್ಮ ಪತ್ರದಲ್ಲಿ ನನಗೆ ಬಹಳ ಉಪಯೋಗಕ್ಕೆ ಬಂದ ಸುಳಿವು ಶಿವಮೊಗ್ಗದ್ದು. ಅದೇ ಫೋನ್, ಅದೇ ಬ್ಯಾಟರಿ. ಅಲ್ಲಿ ಸಂಜೆವರೆಗೆ ಬರುತ್ತದೆ, ಊರಲ್ಲಿ ಮಧ್ಯಾಹ್ನಕ್ಕೆ ಮುಗಿಯುತ್ತದೆ. ಅಂದರೆ ಬ್ಯಾಟರಿ ಸವೆದಿರುವುದು ನಿಜವಾದರೂ, ಮನೆಯಲ್ಲಿ ಖರ್ಚೂ ಜಾಸ್ತಿ ಆಗುತ್ತಿದೆ. ಇದನ್ನು ಗಮನಿಸದೆ ಹೊಸ ಬ್ಯಾಟರಿ ಹಾಕಿಸಿದರೂ, ಹೊಸ ಫೋನೇ ತಂದರೂ, ಸ್ವಲ್ಪ ದಿನದಲ್ಲೇ ‘ಇದೂ ಹಾಗೇ’ ಎಂದು ಬೇಸರ ಪಡುತ್ತೀರಿ.

ತೋಟದ ಆಚೆ ತುದಿಯಲ್ಲಿ ಇರುವವರನ್ನು ಕರೆಯಲು ಗಂಟಲು ಹರಿಯುವ ಹಾಗೆ ಕೂಗಬೇಕಲ್ವಾ, ದೂರದ ಟವರ್ ಜೊತೆ ಮಾತಾಡುವ ಫೋನಿನದ್ದೂ ಅದೇ ಪಾಡು. ಟವರ್ ಹತ್ತಿರ ಇದ್ದರೆ ಸಣ್ಣ ಶಕ್ತಿಯಲ್ಲಿ ಕೆಲಸ ಆಗುತ್ತದೆ. ದೂರ ಇದ್ದರೆ, ನಡುವೆ ಗುಡ್ಡ ಇದ್ದರೆ, ತನ್ನ ಪೂರ್ತಿ ಶಕ್ತಿ ಹಾಕಬೇಕು. ಸಿಗ್ನಲ್ ತಪ್ಪಿಹೋದಾಗಲೆಲ್ಲ ಮತ್ತೆ ಹುಡುಕಬೇಕು. ನೀವು ಫೋನ್ ಮುಟ್ಟದೇ ಇದ್ದರೂ ಈ ಹುಡುಕಾಟ ನಡೆಯುತ್ತಲೇ ಇರುತ್ತದೆ.

ಪರದೆಯ ಮೇಲಿನ ಸಿಗ್ನಲ್ ಕಡ್ಡಿಗಳನ್ನು ನಂಬಬೇಡಿ, ಒಂದೊಂದು ಕಂಪನಿ ಒಂದೊಂದು ರೀತಿ ತೋರಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ಒಳಗೆ ಸಿಮ್ ಸ್ಟೇಟಸ್ ನೋಡಿ (ಹೊಸ ಬ್ಯಾಟರಿಯೋ, ಹೊಸ ಫೋನೋ ಬಂದ ಮೇಲೆ). ಸಿಗ್ನಲ್ ಶಕ್ತಿ ಡಿಬಿಎಂ ಲೆಕ್ಕದಲ್ಲಿ ಮೈನಸ್ ಸಂಖ್ಯೆಯಾಗಿ ಕಾಣುತ್ತದೆ. 4ಜಿಯಲ್ಲಿ ಮೈನಸ್ 85, 90ರ ಹತ್ತಿರ ಇದ್ದರೆ ಚೆನ್ನಾಗಿದೆ. ಮೈನಸ್ 110, 115 ಅಂತ ಇದ್ದರೆ ತೀರಾ ದುರ್ಬಲ. ಮುಂದಿನ ಸಲ ಶಿವಮೊಗ್ಗಕ್ಕೆ ಹೋದಾಗ ಅಲ್ಲಿಯದನ್ನೂ ನೋಡಿಕೊಳ್ಳಿ. ಆಗ ವ್ಯತ್ಯಾಸ ಎಲ್ಲಿದೆ ಅಂತ ನಿಮಗೇ ಕಾಣುತ್ತದೆ.

ಇದಕ್ಕೆ ಪರಿಹಾರ ಇದೆ. ಎರಡು ಸಿಮ್ ಇದ್ದು ಒಂದಕ್ಕೆ ಊರಲ್ಲಿ ಸಿಗ್ನಲ್ಲೇ ಇಲ್ಲದಿದ್ದರೆ, ಮನೆಯಲ್ಲಿರುವಾಗ ಆ ಸಿಮ್ಮನ್ನು ಆಫ್ ಮಾಡಿ. 5ಜಿ ಬಂದು ಹೋಗಿ ಮಾಡುವ ಕಡೆ 4ಜಿಗೆ ಕಟ್ಟಿಹಾಕಿ. ಇದಕ್ಕಿಂತ ಒಳ್ಳೆಯದು ಮನೆಗೆ ಫೈಬರ್ ಇಂಟರ್ನೆಟ್ ಸಿಗುತ್ತದಾ ಅಂತ ವಿಚಾರಿಸುವುದು. ಮಲೆನಾಡಿನ ಎಷ್ಟೋ ಹಳ್ಳಿಗಳಿಗೆ ಈಗ ಬಿಎಸ್‌ಎನ್‌ಎಲ್ ಫೈಬರ್ ಬಂದಿದೆ. ವೈಫೈ ಇದ್ದರೆ ಮಗಳ ಕ್ಲಾಸಿಗೆ ನಿಮ್ಮ ಫೋನ್ ಬೇಕಾಗುವುದಿಲ್ಲ. ಜಿಯೋ, ಏರ್‌ಟೆಲ್ ಸಿಮ್ ಇದ್ದರೆ ‘ವೈಫೈ ಕಾಲಿಂಗ್’ ಆನ್ ಮಾಡಿಕೊಳ್ಳಿ. ಆಮೇಲೆ ಏರೋಪ್ಲೇನ್ ಮೋಡ್ ಹಾಕಿ ವೈಫೈ ಮಾತ್ರ ಆನ್ ಮಾಡಿದರೂ ಹೆಚ್ಚಿನ ಫೋನುಗಳಲ್ಲಿ ಕರೆಗಳು ಬರುತ್ತವೆ, ಹೋಗುತ್ತವೆ. ಟವರ್ ಹುಡುಕುವ ಕೆಲಸವೇ ಇಲ್ಲ. ನನ್ನ ಲೆಕ್ಕದಲ್ಲಿ ನಿಮ್ಮ ಮನೆಗೆ ಹೊಸ ಫೋನಿಗಿಂತ ಇದರಿಂದಲೇ ಹೆಚ್ಚು ಪ್ರಯೋಜನ.

ಇನ್ನು ಬ್ಯಾಟರಿಯೋ, ಫೋನೋ ಅನ್ನುವ ಪ್ರಶ್ನೆ. ಇದನ್ನು ತೀರ್ಮಾನಿಸುವುದು ಫೋನಿನ ವಯಸ್ಸಿನಿಂದ ಅಲ್ಲ, ಅದಕ್ಕೆ ಕಳ್ಳರು ನುಗ್ಗುವ ದಾರಿ ಮುಚ್ಚುವ ಸೆಕ್ಯುರಿಟಿ ಅಪ್‌ಡೇಟ್ ಇನ್ನೂ ಬರುತ್ತಿದೆಯಾ ಅನ್ನುವುದರಿಂದ. ಬ್ಯಾಕಪ್ ಮಾಡುವಾಗಲೇ ಸೆಟ್ಟಿಂಗ್ಸ್‌ನಲ್ಲಿ ‘ಸೆಕ್ಯುರಿಟಿ ಪ್ಯಾಚ್’ ಅಥವಾ ‘ಸೆಕ್ಯುರಿಟಿ ಅಪ್‌ಡೇಟ್’ ಎದುರಿನ ದಿನಾಂಕ ನೋಡಿಕೊಳ್ಳಿ. ಕೆಲವು ತಿಂಗಳ ಹಿಂದಿನದಾದರೆ ಫೋನಿಗೆ ಇನ್ನೂ ಆಯಸ್ಸಿದೆ, ಬ್ಯಾಟರಿ ಹಾಕಿಸಿ. ಒಂದು ವರ್ಷದಿಂದ ಏನೂ ಬಂದಿಲ್ಲ ಎಂದಾದರೆ, ನಿಮ್ಮ ಯುಪಿಐ, ಬ್ಯಾಂಕ್ ಎಲ್ಲ ಅದೇ ಫೋನಿನಲ್ಲಿ ಇದ್ದರೆ, ಆ ಫೋನಿಗೆ ಹಣ ಹಾಕುವುದನ್ನು ನಾನು ಒಪ್ಪುವುದಿಲ್ಲ.

ಬ್ಯಾಟರಿ ಹಾಕಿಸುವುದಾದರೆ ಮೊದಲು ಕಂಪನಿಯ ಅಧಿಕೃತ ಸರ್ವಿಸ್ ಸೆಂಟರಿಗೆ ಫೋನ್ ಮಾಡಿ, ನಿಮ್ಮ ಮಾಡೆಲ್ಲಿನ ಬ್ಯಾಟರಿ ಇದೆಯಾ, ಒಟ್ಟು ಎಷ್ಟಾಗುತ್ತದೆ ಎಂದು ಕೇಳಿ. ನಾಲ್ಕು ವರ್ಷದ ಮಾಡೆಲ್ ಅಂದರೆ ಸ್ಟಾಕ್ ಇಲ್ಲದೆಯೂ ಇರಬಹುದು, ಸುಮ್ನೆ ಶಿವಮೊಗ್ಗಕ್ಕೆ ಹೋಗಿ ವಾಪಸ್ ಬರುವುದು ಬೇಡ. ಅಲ್ಲಿ ರೇಟು ಜಾಸ್ತಿ, ಆದರೆ ಬಿಲ್ ಸಿಗುತ್ತದೆ, ಹಾಕಿದ ಬ್ಯಾಟರಿಗೆ ವಾರಂಟಿ ಸಿಗುತ್ತದೆ. ಕೆಲವು ಕಡೆ ಡೇಟಾ ಅಳಿಸಿ ಕೊಡಿ ಅನ್ನುತ್ತಾರೆ, ಅದಕ್ಕೇ ಬ್ಯಾಕಪ್ ಮೊದಲು.

ಪೇಟೆಯ ಅಂಗಡಿಯವರ ಕೈಚಳಕದ ಬಗ್ಗೆ ನನಗೆ ಅನುಮಾನ ಇಲ್ಲ. ಅವರಲ್ಲಿ ಎಷ್ಟೋ ಜನ ಸರ್ವಿಸ್ ಸೆಂಟರಿನವರಿಗಿಂತ ನಾಜೂಕಾಗಿ ಫೋನ್ ಬಿಚ್ಚುತ್ತಾರೆ. ಪ್ರಶ್ನೆ ಇರುವುದು ಅವರು ಹಾಕುವ ಬ್ಯಾಟರಿಯ ಮೇಲೆ. ‘ಒರಿಜಿನಲ್’ ಎಂದು ಬಾಯಲ್ಲಿ ಹೇಳಿ, ಬಿಲ್ ಇಲ್ಲ ಎಂದರೆ ಆ ಮಾತಿಗೆ ಬೆಲೆ ಇಲ್ಲ. ಕಾಪಿ ಬ್ಯಾಟರಿಗಳು ಒಳಗೆ ರಕ್ಷಣೆಯ ಸರ್ಕ್ಯೂಟ್ ಕಳಪೆ ಇರುವಂಥವೂ ಬರುತ್ತವೆ. ನಿಜವಾದದ್ದೇ ಆದರೂ ವರ್ಷಗಟ್ಟಲೆ ಡಬ್ಬಿಯಲ್ಲಿ ಕೂತಿದ್ದರೆ ಅಲ್ಲೇ ಒಂದಿಷ್ಟು ಸವೆದಿರುತ್ತದೆ. ಹಾಗಾಗಿ ಹಾಕುವ ಮೊದಲು ಬ್ಯಾಟರಿಯನ್ನು ಕೈಗೆ ತಗೊಂಡು ಓದಿ. ತಯಾರಾದ ತಿಂಗಳು, ವರ್ಷ ಇರಬೇಕು. ಭಾರತದಲ್ಲಿ ಇಂಥ ಬ್ಯಾಟರಿಗಳಿಗೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಕಡ್ಡಾಯ. ಐಎಸ್ 16046 ಎಂಬ ಗುರುತು, ಅದರ ಜೊತೆ ‘ಆರ್’ ಅಕ್ಷರದಿಂದ ಶುರುವಾಗುವ ಸಂಖ್ಯೆ ಇರಬೇಕು. ಆ ಸಂಖ್ಯೆಯನ್ನು ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಹಾಕಿದರೆ ತಯಾರಿಸಿದವರ ಹೆಸರು ಬರುತ್ತದೆ. ಬ್ಯಾಟರಿಯ ಮೇಲಿನ ಹೆಸರಿಗೂ ಅದಕ್ಕೂ ಸಂಬಂಧವೇ ಇಲ್ಲದಿದ್ದರೆ ಬೇಡ ಅನ್ನಿ.

ಇನ್ನೊಂದು ಸಣ್ಣ ಲೆಕ್ಕ. ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಎಂದು ಹೇಳುವ ಎಂಎಎಚ್ (mAh) ಸಂಖ್ಯೆಯನ್ನು ವೋಲ್ಟಿನಿಂದ ಗುಣಿಸಿ 1000ದಿಂದ ಭಾಗಿಸಿದರೆ ಲೇಬಲ್ ಮೇಲಿನ ವ್ಯಾಟ್-ಅವರ್ (Wh) ಬರಬೇಕು. 5000 ಎಂಎಎಚ್, 3.85 ವೋಲ್ಟ್ ಎಂದಿದ್ದರೆ 19.25 ವ್ಯಾಟ್-ಅವರ್. ಮುದ್ರಿಸಿದ ಸಂಖ್ಯೆ ಇದಕ್ಕೆ ತಾಳೆಯಾಗದಿದ್ದರೆ ಆ ಲೇಬಲ್ಲೇ ಸುಳ್ಳು. ನಿಮ್ಮ ಫೋನಿನ ಮೂಲ ಬ್ಯಾಟರಿ 5000 ಇದ್ದು, ಅಷ್ಟೇ ಗಾತ್ರದ್ದಕ್ಕೆ 6000 ಎಂದು ಬರೆದಿದ್ದರೂ ಹಾಗೇ. ಒಮ್ಮೆ ಬಿಚ್ಚಿದ ಫೋನಿನ ಅಂಚಿಗೆ ಹೊಸ ಅಂಟು ಹಾಕಿಸಿ. ಹಾಕಿಸಿದರೂ ನೀರು ತಡೆಯುವ ಗುಣ ಮೊದಲಿನಂತೆ ಇರುತ್ತದೆ ಎಂದು ನಂಬಬೇಡಿ, ನಿಮ್ಮ ಕಡೆಯ ಮಳೆಗೆ ಇದು ಮುಖ್ಯ. ಪಿನ್ ಹೇಳಿಕೊಡಬೇಡಿ. ಕೆಲವು ಫೋನುಗಳಲ್ಲಿ ‘ಮೇಂಟೆನೆನ್ಸ್ ಮೋಡ್’ ಅಥವಾ ‘ರಿಪೇರ್ ಮೋಡ್’ ಇದೆ, ಅದನ್ನು ಆನ್ ಮಾಡಿ ಕೊಟ್ಟರೆ ನಿಮ್ಮ ಫೋಟೋ, ಮೆಸೇಜ್ ಅವರಿಗೆ ಕಾಣುವುದಿಲ್ಲ. ಬಿಲ್ ಇಟ್ಟುಕೊಳ್ಳಿ. ಮುಂದೆ ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಲು ಅದು ಬೇಕು.

ಹೊಸ ಫೋನೇ ಬೇಕಾಗಿ ಬಂದರೆ, 15,000ದೊಳಗೆ ಕ್ಯಾಮೆರಾದ ಮೆಗಾಪಿಕ್ಸೆಲ್ ನೋಡಿ ಮರುಳಾಗಬೇಡಿ. ಎಷ್ಟು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತಾರೆ, ಶಿವಮೊಗ್ಗದಲ್ಲಿ ಸರ್ವಿಸ್ ಸೆಂಟರ್ ಇದೆಯಾ, ಈ ಎರಡನ್ನು ಮೊದಲು ಕೇಳಿ. ಯುರೋಪಿನಲ್ಲಿ 2025ರ ಜೂನ್ 20ರಿಂದ ಒಂದು ಒಳ್ಳೆಯ ನಿಯಮ ಬಂದಿದೆ. ಅಲ್ಲಿ ಮಾರುವ ಫೋನಿನ ಲೇಬಲ್ ಮೇಲೆ ಬ್ಯಾಟರಿ ಎಷ್ಟು ಸಲ ಪೂರ್ತಿ ಚಾರ್ಜ್ ಆಗುವವರೆಗೆ ಬಾಳುತ್ತದೆ, ರಿಪೇರಿ ಎಷ್ಟು ಸುಲಭ ಅನ್ನುವುದನ್ನು ಹಾಕಲೇಬೇಕು. ನೀವು ನೋಡುತ್ತಿರುವ ಮಾಡೆಲ್ ಅಲ್ಲೂ ಮಾರಾಟವಾಗುತ್ತಿದ್ದರೆ ಆ ಲೇಬಲ್ ನೋಡಿ ಅಂದಾಜು ಮಾಡಬಹುದು. ಕೆಲವು ಕಂಪನಿಗಳು ಇಲ್ಲಿಗೆ ಬೇರೆ ಬ್ಯಾಟರಿ ಹಾಕುತ್ತವೆ ಅನ್ನುವುದು ನೆನಪಿರಲಿ. ನಮ್ಮಲ್ಲೂ ಇಂಥ ಲೇಬಲ್ ಬೇಗ ಕಡ್ಡಾಯವಾಗಬೇಕು ಅನ್ನುವುದು ನನ್ನ ಆಸೆ. ಬೆಲೆ ಗಟ್ಟಿಯಾಗಿ ಬರೆದು, ಬಾಳಿಕೆ ಮುಚ್ಚಿಡುವುದು ನ್ಯಾಯ ಅಲ್ಲ.

ಸೆಕೆಂಡ್ ಹ್ಯಾಂಡ್ ಫೋನ್ ನಿಮಗೆ ಹೇಳುವುದಿಲ್ಲ. ಇನ್ನೊಬ್ಬರ ಸವೆದ ಬ್ಯಾಟರಿಯನ್ನೇ ಕೊಂಡ ಹಾಗಾಗುತ್ತದೆ. ಆದರೂ ಕೊಳ್ಳುವುದಾದರೆ *#06# ಒತ್ತಿ ಐಎಂಇಐ ಸಂಖ್ಯೆ, ಅಂದರೆ ಆ ಫೋನಿನ ಗುರುತಿನ ಸಂಖ್ಯೆ, ತಗೊಳ್ಳಿ. ‘ಕೆವೈಎಂ’ (KYM) ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಸ್ಪೇಸ್, ಆಮೇಲೆ ಆ ಸಂಖ್ಯೆ ಟೈಪ್ ಮಾಡಿ 14422ಕ್ಕೆ ಎಸ್‌ಎಂಎಸ್ ಕಳಿಸಿ, ಬ್ಲಾಕ್ ಆದ ಫೋನ್ ಅಲ್ಲ ಎಂದು ಖಾತ್ರಿ ಮಾಡಿಕೊಳ್ಳಿ.

ಕೊನೆಗೆ ಮಗಳ ಫೋನ್. ಅದೇ ಕಿಟಕಿಯಲ್ಲಿ, ಅದೇ ಬಿಸಿಲಲ್ಲಿ, ಚಾರ್ಜಿಗೆ ಹಾಕಿಕೊಂಡೇ ಕ್ಲಾಸ್ ನಡೆದರೆ ಅದಕ್ಕೂ ಹೀಗೇ ಆಗಬಹುದು. ಕಿಟಕಿಗೆ ಒಂದು ಪರದೆ ಹಾಕಿ, ಫೋನನ್ನು ನೇರ ಬಿಸಿಲಿನಿಂದ ಪಕ್ಕಕ್ಕೆ ಸರಿಸಿ. ಕ್ಲಾಸ್ ಶುರುವಾಗುವ ಮೊದಲೇ ಚಾರ್ಜ್ ಮಾಡಿಟ್ಟುಕೊಂಡು, ಕ್ಲಾಸ್ ಹೊತ್ತಿನಲ್ಲಿ ವೈರ್ ತೆಗೆಯಲಿ. ಎಷ್ಟೋ ಹೊಸ ಫೋನುಗಳಲ್ಲಿ ಚಾರ್ಜಿಂಗನ್ನು 80 ಪರ್ಸೆಂಟಿಗೆ ನಿಲ್ಲಿಸುವ ಸೆಟ್ಟಿಂಗ್ ಬ್ಯಾಟರಿ ಮೆನುವಿನಲ್ಲಿ ಇರುತ್ತದೆ, ಇದ್ದರೆ ಮೊದಲ ದಿನವೇ ಆನ್ ಮಾಡಿ. ಊರಿನಿಂದ ಹೊರಗೆ ಹೋಗುವ ಹಿಂದಿನ ರಾತ್ರಿ ಮಾತ್ರ ನೂರಕ್ಕೆ ತುಂಬಿಸಿಕೊಂಡರೆ ಆಯಿತು.